ಖಾನಾವಳಿ ಬೋರ್ಡಿಗೆ ಕಂಪ್ಯೂಟರಿನಲ್ಲೇ ಸಾಗವಾನಿ ಹಲಗೆ

‘ಕಟ್ಟಿಗಿ ಮ್ಯಾಲೆ ಬರೆದಂಗ ಕಾಣಬೇಕ್ ನೋಡ್ರಿ.’ ಬೆಳಗಾವಿಯ ಫ್ಲೆಕ್ಸ್ ಅಂಗಡಿಗೆ ಬೋರ್ಡ್ ಮಾಡಿಸಲು ಬರುವ ಖಾನಾವಳಿಯವರು ಹೀಗೆ ಕೇಳುವುದುಂಟು. ನೆಟ್‌ನಿಂದ ಇಳಿಸಿದ ಚಿತ್ರವನ್ನು ಹತ್ತು ಅಡಿಗೆ ಎಳೆದರೆ ಒಡೆದುಹೋಗುತ್ತದೆ. ಅದರ ಬದಲು ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಹಲಗೆಯನ್ನು ನೀವೇ ಮಾಡಿಕೊಳ್ಳಬಹುದು. ಗಿಂಪ್ ಪುಕ್ಕಟೆ ಸಿಗುತ್ತದೆ.

ಮೌಸ್ ಹಿಡಿಯುವ ಮೊದಲು ನಮ್ಮ ಕಡೆಯ ಯಾವುದಾದರೂ ಹಳೇ ವಾಡೆಯ ಬಾಗಿಲನ್ನು ಹತ್ತಿರ ನಿಂತು ನೋಡಿ. ಮರದ ಉಂಗುರಗಳೇ ಹಲಗೆ ಸೀಳಿದಾಗ ಉದ್ದ ಗೆರೆ, ಕಮಾನುಗಳಾಗಿ ಕಾಣುತ್ತವೆ. ಗೆರೆಯ ಒಂದು ಅಂಚು ಖಡಕ್ ಆಗಿರುತ್ತದೆ, ಇನ್ನೊಂದು ಕಡೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ. ಅದರ ಮೇಲೆ ಕೂದಲಿನಷ್ಟು ಸಣ್ಣ ನಾರಿನ ಎಳೆ ಬೇರೆ. ಬಹಳ ಮಂದಿ ಈ ಎಳೆ ಮಾತ್ರ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೇ ಅವರ ಹಲಗೆ ಕಂದು ಬಣ್ಣದ ಚಾಪೆಯಂತೆ ಕಾಣುತ್ತದೆ.

ಮೊದಲು ಉಂಗುರ. 3000×1500 ಪಿಕ್ಸೆಲ್‌ನ ಹೊಸ ಚಿತ್ರ ತೆರೆಯಿರಿ. ಆಗಲೇ ಬಣ್ಣದ ನಿಖರತೆಗೆ (ಪ್ರಿಸಿಷನ್) 16 ಬಿಟ್ ಆರಿಸಿಕೊಳ್ಳಿ. 8 ಬಿಟ್‌ನಲ್ಲಿ ಮುಂದೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ತಳಕ್ಕೆ ತಿಳಿ ಕಂದು ತುಂಬಿ. ಅದರ ಮೇಲೆ ಹೊಸ ಲೇಯರ್ (ಪದರ) ಹಾಕಿ, ಫಿಲ್ಟರ್ಸ್, ರೆಂಡರ್, ನಾಯ್ಸ್ ದಾಟಿ ಸಾಲಿಡ್ ನಾಯ್ಸ್‌ಗೆ ಹೋಗಿ. ಎಕ್ಸ್ ಸೈಜ್ 1, ವೈ ಸೈಜ್ 4, ಡಿಟೇಲ್ 1. ಅಡ್ಡಡ್ಡ ಎಳೆದ ಮೋಡದಂಥದ್ದು ಬರುತ್ತದೆ. ಇಲ್ಲಿ ಹಲಗೆ ಎಲ್ಲಿದೆ ಅಂತ ಗಾಬರಿ ಬೇಡ. ಕಲರ್ಸ್‌ನಲ್ಲಿ ಕರ್ವ್ಸ್ ತೆರೆದು, ಫ್ರೀಹ್ಯಾಂಡ್ ಆರಿಸಿ, ಗರಗಸದ ಹಲ್ಲಿನ ಹಾಗೆ ಐದಾರು ಸಲ ಗೆರೆ ಎಳೆಯಿರಿ: ನಿಧಾನಕ್ಕೆ ಏರಬೇಕು, ಥಟ್ಟನೆ ಇಳಿಯಬೇಕು. ಮೋಡದೊಳಗಿಂದ ಕಮಾನುಗಳು ಎದ್ದು ಬರುತ್ತವೆ. ಖಡಕ್ ಅಂಚೂ ತಾನಾಗಿ ಸಿಗುತ್ತದೆ. ಈ ಲೇಯರ್‌ನ ಮೋಡ್ ಅನ್ನು, ಅಂದರೆ ಕೆಳಗಿನ ಬಣ್ಣದ ಜೊತೆ ಬೆರೆಯುವ ಬಗೆಯನ್ನು, ಮಲ್ಟಿಪ್ಲೈಗೆ ಹಾಕಿ, ಓಪಾಸಿಟಿ (ಗಾಢತೆ) 40ರ ಆಸುಪಾಸು ಇಡಿ.

ನಾರಿನ ಕೆಲಸ ಸುಲಭ. ಬೂದು ಬಣ್ಣದ ಲೇಯರ್‌ಗೆ ಆರ್‌ಜಿಬಿ ನಾಯ್ಸ್ ಕೊಡಿ. ಇಂಡಿಪೆಂಡೆಂಟ್ ಆರ್‌ಜಿಬಿ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಬಣ್ಣಬಣ್ಣದ ಚುಕ್ಕಿ ಬರುತ್ತವೆ. ಆಮೇಲೆ ಲೀನಿಯರ್ ಮೋಷನ್ ಬ್ಲರ್, ಉದ್ದ 80, ಕೋನ 0. ಮೋಡ್ ಸಾಫ್ಟ್ ಲೈಟ್. ಸಾಗವಾನಿಯ ಸಣ್ಣ ಕಪ್ಪು ಗೀರುಗಳು ಬೇಕಿದ್ದರೆ ಇದನ್ನೇ ಇನ್ನೊಂದು ಲೇಯರ್‌ನಲ್ಲಿ ಉದ್ದ 12ಕ್ಕೆ ಇಳಿಸಿ ಮಾಡಿ, ಲೆವೆಲ್ಸ್‌ನಲ್ಲಿ ತೀರಾ ಕಪ್ಪಾದದ್ದನ್ನು ಮಾತ್ರ ಉಳಿಸಿ ಮಲ್ಟಿಪ್ಲೈ ಮಾಡಿ.

ಗಂಟು ಅಂದರೆ ಟೊಂಗೆಯ ಬುಡ. ಗೆರೆಗಳು ಅದನ್ನು ಬಳಸಿಕೊಂಡು ಹೋಗಿ ಮತ್ತೆ ಕೂಡುತ್ತವೆ, ಅಲ್ಲೇ ನಿಲ್ಲುವುದಿಲ್ಲ. ಹಾಗಾಗಿ ಕಪ್ಪು ಚುಕ್ಕೆ ಇಟ್ಟರೆ ಸಾಲದು. ಎಲ್ಲಾ ಲೇಯರ್ ಕೂಡಿಸಿದ ಪ್ರತಿಯ ಮೇಲೆ ವಾರ್ಪ್ ಟೂಲ್‌ನ ಗ್ರೋ ಏರಿಯಾದಿಂದ ಗೆರೆಗಳನ್ನು ಸರಿಸಿ, ನಡುವೆ ಸ್ವಲ್ಪ ಸುಳಿ ತಿರುವಿ. ಒಂದೆರಡು ಗಂಟು ಸಾಕು. ಜಾಸ್ತಿಯಾದರೆ ಬಡಿಗರು ನೋಡಿ ನಗುತ್ತಾರೆ.

ಹಲಗೆ ಜೋಡಿಸಿದಂತೆ ಬೇಕಾದರೆ ಚಿತ್ರವನ್ನು ಅಡ್ಡ ಪಟ್ಟಿಗಳಾಗಿ ಕತ್ತರಿಸಿ, ಕೆಲವನ್ನು ತಿರುಗಿಸಿ ಇಡಿ. ಒಂದೊಂದು ಪಟ್ಟಿ ತುಸು ಕಪ್ಪು, ತುಸು ತಿಳಿ ಇರಲಿ. ನಡುವೆ ತೆಳು ಕಪ್ಪು ಸಂದು ಬಿಡಿ.

ಫ್ಲೆಕ್ಸನ್ನು ರಸ್ತೆಯಾಚೆಯಿಂದ ನೋಡುತ್ತಾರೆ, ಅಲ್ವಾ? ಅಲ್ಲಿ ನಾರು ಕಾಣುವುದೇ ಇಲ್ಲ, ಉಂಗುರ ಗಾಢವಾಗಿರಲಿ. ವಿಸಿಟಿಂಗ್ ಕಾರ್ಡಿಗಾದರೆ ಉಂಗುರ ಇಳಿಸಿ, ನಾರು ಏರಿಸಿ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಟ್ಟುಕೊಳ್ಳಿ. ಪರದೆಯ ಮೇಲಿನ ಕಂದು ಅಚ್ಚಿನಲ್ಲಿ ಹಾಗೇ ಬರುತ್ತದೆ ಅಂತ ನಂಬಬೇಡಿ. ಮೊದಲು ಸಣ್ಣ ತುಂಡಿನ ಮೇಲೆ ಪ್ರಿಂಟ್ ತೆಗೆಸಿ ನೋಡಿ.