ದೊಡ್ಡ ಗಾಡಿಯೋ, ಸಣ್ಣ ಕಾರೋ: ಮುಂಗಡ ಕೊಡುವ ಮುನ್ನ ಮಾಡಬೇಕಾದ ಲೆಕ್ಕ

ಶ್ರೀರಂಗಪಟ್ಟಣದ ಸಮೀಪದ ಗಣಂಗೂರು ಟೋಲ್‌ನಲ್ಲಿ ಒಬ್ಬರೇ ಕುಳಿತು ಬಂದ ವ್ಯಾಗನ್‌ಆರ್‌ಗೂ ಏಳು ಜನ ತುಂಬಿಕೊಂಡು ಬಂದ ಇನ್ನೋವಾಕ್ಕೂ ಕಟ್ಟಬೇಕಾದ ಸುಂಕ ಒಂದೇ. ಹೆದ್ದಾರಿಯ ಸುಂಕದ ಪಟ್ಟಿಯಲ್ಲಿ ಕಾರು, ಜೀಪು, ವ್ಯಾನುಗಳೆಲ್ಲ ಒಂದೇ ಸಾಲಿಗೆ ಸೇರಿದ ವಾಹನಗಳು. ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದು ಪೆಟ್ರೋಲ್ ಬಂಕಿನಲ್ಲಿ, ವಿಮೆಯ ರಸೀದಿಯಲ್ಲಿ ಮತ್ತು ಮನೆಯ ಗೇಟು ಮುಚ್ಚಲು ಹೋದಾಗ. ಆ ವ್ಯತ್ಯಾಸವನ್ನು ಗಾಡಿ ಕೊಂಡ ಮೇಲೆ ಕಂಡುಕೊಳ್ಳುವ ಬದಲು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದು ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೈಸೂರು ಮಂಡ್ಯದ ಕಡೆಯ ಮನೆಗಳಲ್ಲಿ ಕಾರಿನ ಮಾತು ಬಂದಾಗ ಮೊದಲು ನೆನಪಾಗುವುದು ಹಬ್ಬ, ಮದುವೆ ಮತ್ತು ಊರಿನ ಜಾತ್ರೆ. ಅಜ್ಜಿ, ಅತ್ತೆ, ಮಕ್ಕಳು ಎಲ್ಲರೂ ಒಂದೇ ಗಾಡಿಯಲ್ಲಿ ಮಾತಾಡುತ್ತಾ ಹೋಗಬೇಕೆಂಬ ಆಸೆ ಯಾರಿಗಿರುವುದಿಲ್ಲ? ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದಕ್ಕಾಗಿ ವರ್ಷದ ಉಳಿದ ದಿನಗಳಲ್ಲಿ ತೆರುವ ಬೆಲೆ ಎಷ್ಟೆಂಬುದು ಮನೆಯವರೆಲ್ಲರಿಗೂ ಮೊದಲೇ ಗೊತ್ತಿರಬೇಕು.

ಮೊದಲು ಒಂದು ನೋಟ್‌ಬುಕ್

ಶೋರೂಮಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಕಳೆದ ಒಂದು ವರ್ಷದ ಓಡಾಟವನ್ನು ನೆನಪಿದ್ದಷ್ಟು ಬರೆಯಿರಿ. ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಜನ, ಜೊತೆಗೆ ಎಷ್ಟು ಸಾಮಾನು, ಯಾವ ರಸ್ತೆ ಎಂಬ ಐದು ಅಂಕಣಗಳು ಸಾಕು. ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನವೂ ಹೋಗಿಬರುವುದು, ಭಾನುವಾರ ಪಾಂಡವಪುರದ ಬಳಿಯ ಹಳ್ಳಿಗೆ ಹೋಗುವುದು, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವುದು, ಇವೆಲ್ಲವೂ ಅದರಲ್ಲಿ ಬರಬೇಕು. ನಾನು ಹೀಗೆ ಬರೆದು ನೋಡಿದಾಗ, ಐದಕ್ಕಿಂತ ಹೆಚ್ಚು ಜನ ನಮ್ಮ ಗಾಡಿಯಲ್ಲಿ ಕುಳಿತ ದಿನಗಳನ್ನು ಎರಡೂ ಕೈಗಳ ಬೆರಳುಗಳಲ್ಲಿಯೇ ಎಣಿಸಬಹುದಾಗಿತ್ತು. ಅದಕ್ಕೆ ಮೊದಲು ಕೇಳಿದ್ದರೆ, ತಿಂಗಳಿಗೆ ಎರಡು ಮೂರು ಸಲವಾದರೂ ಎಲ್ಲರೂ ಒಟ್ಟಿಗೆ ಹೋಗುತ್ತೇವೆಂದು ಖಂಡಿತವಾಗಿ ಹೇಳುತ್ತಿದ್ದೆ. ತುಂಬಿದ ಗಾಡಿಯ ಪ್ರಯಾಣ ಮನಸ್ಸಿನಲ್ಲಿ ಉಳಿಯುತ್ತದೆ, ಒಬ್ಬರೇ ಹೋದ ಪ್ರಯಾಣ ಮರೆತುಹೋಗುತ್ತದೆ. ಆದುದರಿಂದ ನೆನಪನ್ನು ನಂಬದೆ ಬರಹವನ್ನು ನಂಬಿರಿ.

ಮೈಲೇಜನ್ನು ತಿರುಗಿಸಿ ಓದಿ

ಇಡೀ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದು ನಮ್ಮೆಲ್ಲರ ರೂಢಿ. ಆದರೆ ನಾವು ಹಣ ಕೊಡುವುದು ಲೀಟರಿಗೆ. ಹೋಗಬೇಕಾದ ದೂರ ಮೊದಲೇ ಗೊತ್ತಾಗಿರುತ್ತದೆ. ಹೀಗಾಗಿ ಪ್ರಶ್ನೆಯನ್ನು ತಿರುಗಿಸಿ, 100 ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು ಎಂದು ಕೇಳಬೇಕು. ಅದಕ್ಕೆ 100 ಅನ್ನು ಮೈಲೇಜಿನಿಂದ ಭಾಗಿಸಿದರೆ ಸಾಕು.

ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿಗೆ ನೂರು ಕಿಲೋಮೀಟರಿಗೆ 10 ಲೀಟರ್ ಬೇಕು. 15 ಕೊಡುವುದಕ್ಕೆ 6.7 ಲೀಟರ್, 20 ಕೊಡುವುದಕ್ಕೆ 5 ಲೀಟರ್, 25 ಕೊಡುವುದಕ್ಕೆ 4 ಲೀಟರ್. ಹತ್ತರಿಂದ ಹದಿನೈದಕ್ಕೆ ಏರಿದಾಗಲೂ ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿದಾಗಲೂ ಏರಿಕೆ ಐದೇ ಕಿಲೋಮೀಟರ್. ಆದರೆ ಮೊದಲನೆಯದರಲ್ಲಿ ಉಳಿಯುವುದು 3.3 ಲೀಟರ್, ಎರಡನೆಯದರಲ್ಲಿ ಉಳಿಯುವುದು ಕೇವಲ 1 ಲೀಟರ್. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರಿಗೆ ಇದು 333 ಲೀಟರಿಗೂ 100 ಲೀಟರಿಗೂ ಇರುವ ಅಂತರ. ಸಣ್ಣ ಕಾರುಗಳಲ್ಲಿ ಇದು 22 ಕೊಡುತ್ತದೆ, ಅದು 24 ಕೊಡುತ್ತದೆ ಎಂದು ವಾರಗಟ್ಟಲೆ ಚರ್ಚಿಸುವ ಮನೆಗಳನ್ನು ಕಂಡಿದ್ದೇನೆ. ಆ ಎರಡು ಕಿಲೋಮೀಟರಿನಿಂದ ವರ್ಷಕ್ಕೆ ಉಳಿಯುವುದು ನಲವತ್ತು ಲೀಟರಿಗೂ ಕಡಿಮೆ. ಅದೇ ದೊಡ್ಡ ಗಾಡಿ ನೋಡುವಾಗ 10 ಮತ್ತು 12ರ ನಡುವಿನ ಎರಡು ಕಿಲೋಮೀಟರ್ ವರ್ಷಕ್ಕೆ 167 ಲೀಟರಾಗುತ್ತದೆ, ಮತ್ತು ಅಲ್ಲಿ ಯಾರೂ ಚರ್ಚಿಸುವುದಿಲ್ಲ. ದೊಡ್ಡ ಗಾಡಿ ಅಷ್ಟೇ ಕೊಡುವುದು ಎಂದು ಸುಮ್ಮನಾಗುತ್ತಾರೆ.

ಮುಂದಿನ ಹೆಜ್ಜೆ, ಬಂದ ಲೀಟರನ್ನು ಗಾಡಿಯಲ್ಲಿ ಕುಳಿತವರ ಸಂಖ್ಯೆಯಿಂದ ಭಾಗಿಸುವುದು. ದಿನನಿತ್ಯದ ಓಡಾಟದಲ್ಲಿ ದೊಡ್ಡ ಗಾಡಿ 12, ಸಣ್ಣ ಕಾರು 18 ಕೊಡುತ್ತದೆಂದು ಇಟ್ಟುಕೊಳ್ಳೋಣ. ನೂರು ಕಿಲೋಮೀಟರಿಗೆ ಮೊದಲನೆಯದಕ್ಕೆ 8.3 ಲೀಟರ್, ಎರಡನೆಯದಕ್ಕೆ 5.6 ಲೀಟರ್. ದೊಡ್ಡದರಲ್ಲಿ ಏಳು ಜನ ಕುಳಿತರೆ ತಲೆಗೆ 1.2 ಲೀಟರ್ ಬೀಳುತ್ತದೆ. ಸಣ್ಣದರಲ್ಲಿ ನಾಲ್ಕು ಜನ ಕುಳಿತರೆ 1.4 ಲೀಟರ್. ಅದೇ ಏಳು ಜನ ಎರಡು ಸಣ್ಣ ಕಾರುಗಳಲ್ಲಿ ಹೊರಟರೆ ಒಟ್ಟು ಸುಮಾರು 11 ಲೀಟರ್ ಸುಡುತ್ತದೆ. ಅಂದರೆ ತುಂಬಿದ ದೊಡ್ಡ ಗಾಡಿ ದುಂದುಗಾರನಲ್ಲ. ಈ ವಿಷಯದಲ್ಲಿ ಅದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಬೇಕು. ಒಬ್ಬರೇ ಕುಳಿತು ಕಚೇರಿಗೆ ಹೋದಾಗ ಮಾತ್ರ 8.3 ಲೀಟರೂ ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ. ನೋಟ್‌ಬುಕ್ಕಿನ ಮೂರನೆಯ ಅಂಕಣ ಉಪಯೋಗಕ್ಕೆ ಬರುವುದು ಇಲ್ಲಿ.

ನಿಜವಾದ ಮೈಲೇಜನ್ನು ಅಳೆಯುವುದು

ಕಂಪನಿಗಳು ಪ್ರಕಟಿಸುವ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಮೈಲೇಜ್ ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ ಗಾಡಿಯನ್ನು ನಿಗದಿತ ವೇಗದಲ್ಲಿ ಓಡಿಸಿ ಅಳೆದದ್ದು. ಆ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಒಂದು ಮಾದರಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಉಪಯುಕ್ತ. ನಿಮ್ಮ ತಿಂಗಳ ಖರ್ಚನ್ನು ಊಹಿಸಲು ಅಲ್ಲ. ವ್ಯಾಗನ್‌ಆರ್‌ನ ಒಂದು ಲೀಟರ್ ಎಂಜಿನ್ನಿನ ಪೆಟ್ರೋಲ್ ಮಾದರಿಗೆ 24.35, ಏಳು ಆಸನದ ಎರ್ಟಿಗಾದ ಪೆಟ್ರೋಲ್ ಮಾದರಿಗೆ 20.51 ಎಂಬ ಅಂಕಿಗಳು ಪ್ರಕಟವಾಗಿದ್ದವು. ಎಸಿ ಹಾಕಿಕೊಂಡು ಮೈಸೂರಿನ ಸಿಗ್ನಲ್ಲು ಮತ್ತು ಹಂಪುಗಳ ನಡುವೆ ಓಡಿಸುವವರಿಗೆ ಇವೆರಡೂ ಸಿಗುವುದಿಲ್ಲ.

ನಿಮ್ಮ ಈಗಿನ ಗಾಡಿಯದ್ದನ್ನಾಗಲಿ, ಕೊಳ್ಳಬೇಕೆಂದಿರುವ ಮಾದರಿಯನ್ನು ಇಟ್ಟುಕೊಂಡಿರುವ ನೆಂಟರದ್ದನ್ನಾಗಲಿ ಅಳೆಯುವ ವಿಧಾನ ಸುಲಭ. ಬಂಕಿನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಕನಿಷ್ಠ ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಅಂಕಿಯನ್ನೇ ನಂಬಿ ಕೂರಬೇಡಿ. ಹತ್ತು ವರ್ಷದ ಹಿಂದೆ ನನ್ನ ಕಾರು ಇಷ್ಟು ಕೊಡುತ್ತಿತ್ತು ಎನ್ನುವವರ ಅಂಕಿಯನ್ನೂ ಈಗಿನದಕ್ಕೆ ಹೋಲಿಸಬಾರದು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಮತ್ತು ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಮಂಡ್ಯದ ಗದ್ದೆಗಳಲ್ಲಿ ಬೆಳೆಯುವಂಥ ಕಬ್ಬೇ ಆ ಎಥನಾಲಿನ ಮೂಲಗಳಲ್ಲಿ ಒಂದು ಎಂಬುದು ಇಲ್ಲಿಯವರಿಗೆ ಸಮಾಧಾನ ತರಬಹುದಾದ ಸಂಗತಿ.

ತೂಕ, ಗಾಳಿ ಮತ್ತು ಬೆಟ್ಟ

ದೊಡ್ಡ ಗಾಡಿ ಹೆಚ್ಚು ಕುಡಿಯಲು ಎರಡು ಮುಖ್ಯ ಕಾರಣಗಳಿವೆ, ಮತ್ತು ಅವು ಬೇರೆ ಬೇರೆ ರಸ್ತೆಯಲ್ಲಿ ಕೆಲಸ ಮಾಡುತ್ತವೆ. ಸಯ್ಯಾಜಿರಾವ್ ರಸ್ತೆಯಂಥ ಕಡೆ ನಿಂತು ನಿಂತು ಹೊರಡುವಾಗ ಕಾಡುವುದು ತೂಕ. ವ್ಯಾಗನ್‌ಆರ್ ಎಂಟುನೂರು ಚಿಲ್ಲರೆ ಕಿಲೋ ತೂಗಿದರೆ ಇನ್ನೋವಾ ಕ್ರಿಸ್ಟಾ ಸುಮಾರು 1,800 ಕಿಲೋ ತೂಗುತ್ತದೆ. ಪ್ರತಿ ಸಲ ಬ್ರೇಕ್ ತುಳಿದಾಗಲೂ ಆ ತೂಕವನ್ನು ಓಡಿಸಲು ಸುಟ್ಟ ಇಂಧನ ಬ್ರೇಕಿನ ಬಿಸಿಯಾಗಿ ಹೋಗಿಬಿಡುತ್ತದೆ. ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಗಾಡಿಗಳು ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುವುದರಿಂದಲೇ ಊರೊಳಗಿನ ಓಡಾಟದಲ್ಲಿ ಅವುಗಳಿಗೆ ಮೇಲುಗೈ.

ಚಾಮುಂಡಿ ಬೆಟ್ಟದ ಲೆಕ್ಕ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಬೆಟ್ಟದ ತುದಿ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಚಕ್ರಕ್ಕೆ ತಲುಪುತ್ತದೆಂದು ಹಿಡಿದರೆ, ನಾಲ್ವರು ಕುಳಿತ ಸಣ್ಣ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 400 ಮಿಲಿಲೀಟರ್ ಬೇಕು. ಅದೇ ನಾಲ್ವರನ್ನು 1,800 ಕಿಲೋದ ಪೆಟ್ರೋಲ್ ಗಾಡಿಯಲ್ಲಿ ಒಯ್ದರೆ 700 ಮಿಲಿಲೀಟರಿಗೂ ಹೆಚ್ಚು. ದೇವಿಯ ದರ್ಶನಕ್ಕೆ ಹೋದವರು ಅಷ್ಟೇ ಜನ. ಹೆಚ್ಚಿನ ಇಂಧನ ಹೋದದ್ದು ಕಬ್ಬಿಣವನ್ನು ಬೆಟ್ಟಕ್ಕೆ ಹತ್ತಿಸಲು.

ಬೆಂಗಳೂರು ಹೆದ್ದಾರಿಯಲ್ಲಿ ಕಾಡುವುದು ಗಾಳಿ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿ ಏರುವುದರಿಂದ, 80ರಿಂದ 100ಕ್ಕೆ ಹೋದಾಗ ಅದು ಒಂದೂವರೆ ಪಟ್ಟಿಗೂ ಮೀರುತ್ತದೆ. ಎದುರಿಗೆ ಅಗಲವಾಗಿ, ಎತ್ತರವಾಗಿ ನಿಂತ ಗಾಡಿ ಈ ಏರಿಕೆಯನ್ನು ಹೆಚ್ಚು ಅನುಭವಿಸುತ್ತದೆ. ಮೇಲೆ ಕ್ಯಾರಿಯರ್ ಕಟ್ಟಿದ್ದರಂತೂ ಇನ್ನೂ ಹೆಚ್ಚು. ದೊಡ್ಡ ಗಾಡಿ ಇರುವವರು ಮದ್ದೂರಿನ ಆಚೆಗೆ 80–85ರಲ್ಲಿ ಒಂದು ಸಲ, 100ರಲ್ಲಿ ಒಂದು ಸಲ ಹೋಗಿ ಮೇಲೆ ಹೇಳಿದಂತೆ ಅಳೆದು ನೋಡಲಿ.

ತೆರಿಗೆ ಮತ್ತು ವಿಮೆ

ಇದನ್ನು ಚುಟುಕಾಗಿ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ, 4 ಮೀಟರ್ ಮೀರದ ಉದ್ದ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಅಥವಾ 1,500 ಸಿಸಿ ಮೀರದ ಡೀಸೆಲ್ ಎಂಜಿನ್ ಇರುವ ಕಾರಿಗೆ ಶೇ 18 ತೆರಿಗೆ. ಈ ಮಿತಿ ದಾಟಿದ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ ಶೇ 40. ಎಸ್‌ಯುವಿಯಂತೆ ಕಾಣುವ ಎಷ್ಟೋ ಗಾಡಿಗಳು 4 ಮೀಟರಿನ ಒಳಗೇ ಇವೆ ಎಂಬುದನ್ನು ಗಮನಿಸಿ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆಯೂ ಗಾಡಿಯ ಬೆಲೆಯೊಂದಿಗೆ ಏರುತ್ತದೆ. ಮೂರನೆಯವರ ಹಾನಿಗೆ ಕಟ್ಟಬೇಕಾದ ಕಡ್ಡಾಯ ವಿಮೆ, 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ, 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416 ರೂಪಾಯಿ, ಅದರ ಮೇಲೆ 7,897 ರೂಪಾಯಿ. ಆದುದರಿಂದ ಎಕ್ಸ್‌ಶೋರೂಂ ಬೆಲೆಗಳನ್ನು ಹೋಲಿಸದೆ, ಜೀವಿತಾವಧಿ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆಗಳನ್ನೇ ಬರೆಸಿಕೊಂಡು ಹೋಲಿಸಿ.

ದೊಡ್ಡ ಗಾಡಿ ಬೇಕೇಬೇಕಾದಾಗ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ, ಕಬ್ಬಿನ ಲೋಡು ಹೋಗಿ ಹಳ್ಳ ಬಿದ್ದ ಬಯಲು ರಸ್ತೆಯಲ್ಲಿ ವಾರಕ್ಕೆ ನಾಲ್ಕು ದಿನ ಓಡಾಡುವ ರೈತರಿಗೆ ಸಣ್ಣ ಕಾರನ್ನೇ ಕೊಳ್ಳಿರೆಂದು ನಾನು ಹೇಳಲಾರೆ. ನಾಲ್ಕು ಜನ ಕುಳಿತು ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಾಕಿದಾಗ ಸಣ್ಣ ಕಾರಿನ ಹಿಂಭಾಗ ತಗ್ಗಿ, ತಳ ಕಲ್ಲಿಗೆ ಉಜ್ಜುವ ಸದ್ದು ಕೇಳಿದವರಿಗೆ ಇದು ಗೊತ್ತು. ಒಂದೇ ಮನೆಯಲ್ಲಿ ಆರೇಳು ಜನರಿದ್ದು ಪ್ರತಿ ವಾರವೂ ಒಟ್ಟಿಗೆ ಹೋಗುವವರಿಗೂ ದೊಡ್ಡ ಗಾಡಿಯೇ ಸರಿ.

ಆದರೆ ಎರಡು ವಿಷಯ ಪರೀಕ್ಷಿಸಿ. ಒಂದು, ಮೂರನೆಯ ಸಾಲಿನ ಆಸನವನ್ನು ಮಡಚದೆ ಕೂರಲು ಇಟ್ಟಾಗ ಸಾಮಾನಿಗೆ ಉಳಿಯುವ ಜಾಗ. ಎರ್ಟಿಗಾದಲ್ಲಿ ಏಳು ಆಸನಗಳನ್ನೂ ಮಡಚದೆ ಇಟ್ಟಾಗ ಡಿಕ್ಕಿ 209 ಲೀಟರ್. ವ್ಯಾಗನ್‌ಆರ್‌ನಲ್ಲಿ 341 ಲೀಟರ್. ಏಳು ಜನರ ಬಟ್ಟೆಬರೆ ಎಲ್ಲಿಡುವುದೆಂದು ಶೋರೂಮಿನಲ್ಲಿಯೇ ಕೇಳಿ. ಎರಡು, ಡೀಸೆಲ್ ಗಾಡಿಯಾದರೆ ಅದರ ಹೊಗೆಯ ಕೊಳವೆಯಲ್ಲಿರುವ ಡಿಪಿಎಫ್ ಎಂಬ ಸೋಸುಕ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಹೆದ್ದಾರಿಯ ನಿರಂತರ ಓಟ ಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಮೂರು ಕಿಲೋಮೀಟರಿಗೆ ಮನೆ ಸೇರುವ ಓಡಾಟವೇ ಹೆಚ್ಚಾದರೆ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ, ಮತ್ತು ಅದನ್ನು ಬದಲಿಸುವುದು ದುಬಾರಿ.

ವರ್ಷಕ್ಕೆ ಏಳೆಂಟು ದಿನ ಮಾತ್ರ ದೊಡ್ಡದು ಬೇಕಾದವರಿಗೆ ಇನ್ನೊಂದು ದಾರಿಯಿದೆ. ಲೆಕ್ಕ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ, 12 ಮತ್ತು 18ರ ಮೈಲೇಜಿನ ಅಂತರ 10,000 ಕಿಲೋಮೀಟರಿಗೆ ಸುಮಾರು 28,000 ರೂಪಾಯಿ. ಇದಕ್ಕೆ ವಿಮೆಯ ಅಂತರವನ್ನೂ, ಆನ್‌ರೋಡ್ ಬೆಲೆಯ ಅಂತರಕ್ಕೆ ಒಂದು ವರ್ಷ ತೆರುವ ಸಾಲದ ಬಡ್ಡಿಯನ್ನೂ ಕೂಡಿಸಿ. ಬಂದ ಮೊತ್ತವನ್ನು ನಿಮ್ಮ ಬಡಾವಣೆಯ ಹಳದಿ ಬೋರ್ಡಿನ ಟ್ಯಾಕ್ಸಿಯವರು ಏಳು ಆಸನದ ಗಾಡಿಗೆ ಹೇಳುವ ದಿನದ ಬಾಡಿಗೆಯಿಂದ ಭಾಗಿಸಿದರೆ, ಆ ಹಣದಲ್ಲಿ ಎಷ್ಟು ದಿನ ಡ್ರೈವರ್ ಸಹಿತ ಹೋಗಿಬರಬಹುದೆಂಬುದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಸಣ್ಣ ಕಾರು ಉಳಿದದ್ದು ಈ ಒಂದು ಭಾಗಾಕಾರದಿಂದ.

ಕೊನೆಗೆ ಒಂದು ಟೇಪು

ಇನ್ನು ಉಳಿದದ್ದು ಅಳತೆ. ಮೈಸೂರಿನ 20x30 ನಿವೇಶನದ ಮನೆಗಳಲ್ಲಿ ಗೇಟಿನಿಂದ ಗೋಡೆಯವರೆಗೆ ಟೇಪು ಹಿಡಿಯಿರಿ. ವ್ಯಾಗನ್‌ಆರ್‌ನ ಉದ್ದ 3,655 ಮಿಲಿಮೀಟರ್, ಅಂದರೆ 12 ಅಡಿ. ಇನ್ನೋವಾ ಕ್ರಿಸ್ಟಾದ್ದು 4,735 ಮಿಲಿಮೀಟರ್, ಹದಿನೈದೂವರೆ ಅಡಿ. ಡಿಕ್ಕಿಯ ಬಾಗಿಲು ತೆರೆಯಲು ಇನ್ನೂ ಎರಡು ಅಡಿಯಾದರೂ ಬೇಕು. ಅಗ್ರಹಾರದ ಹಳೆಯ ಬೀದಿಗಳಲ್ಲಿರುವವರು ಬೀದಿಯ ತಿರುವಿನ ಅಗಲವನ್ನೂ ಅಳೆಯಲಿ. ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಕರೆದೊಯ್ಯುವ ಅಗಲವಾದ ರಿಂಗ್ ರಸ್ತೆಯಷ್ಟಕ್ಕೇ ತೃಪ್ತಿಪಡದೆ, ಗಾಡಿಯನ್ನು ನಿಮ್ಮ ಮನೆಯ ಬೀದಿಗೇ ತರಿಸಿ, ಗೇಟಿನೊಳಗೆ ಒಂದು ಸಲ ರಿವರ್ಸ್ ಹಾಕಿ ನೋಡಿ.

ಆ ದಿನ ಮನೆಯ ಹಿರಿಯರನ್ನೂ ಹತ್ತಿಸಿ. ಮಂಡಿನೋವಿರುವವರಿಗೆ ತೀರಾ ತಗ್ಗಿನ ಆಸನ ಏಳಲು ಕಷ್ಟ, ತೀರಾ ಎತ್ತರದ್ದು ಹತ್ತಲು ಕಷ್ಟ. ಆಸನ ಅವರ ಸೊಂಟದ ಎತ್ತರಕ್ಕೆ ಬಂದರೆ ತಿರುಗಿ ಕೂರುವುದಷ್ಟೇ ಕೆಲಸ. ಮೂರನೆಯ ಸಾಲಿಗೆ ಯಾರು ಹೋಗಬೇಕಾಗುತ್ತದೋ ಅವರನ್ನು ಅಲ್ಲಿ ಕೂರಿಸಿ, ಮೇಲುಕೋಟೆಯವರೆಗೆ ಹೀಗೆಯೇ ಕುಳಿತು ಬರಲು ಆಗುತ್ತದೆಯೇ ಎಂದು ಅವರನ್ನೇ ಕೇಳಿ.