ಮೀನಿನ ಮೇವಿಗೆ ಪ್ರೊಬಯೋಟಿಕ್ ಬೆರೆಸುವ ಬಗೆ

ನಮ್ಮ ಬೀಳಗಿ ಕಡೆ ಕೃಷಿ ಹೊಂಡದಲ್ಲಿ ಮೀನು ಬಿಟ್ಟವರು ಕೇಳುವುದು ಇದನ್ನೇ: "ಅಣ್ಣಾರ, ಆ ಪುಡಿ ನೀರಿಗೆ ಹಾಕೂದೋ, ಹಿಂಡಿಗೆ ಕಲಸೂದೋ?" ಆ ಪುಡಿಯೇ ಪ್ರೊಬಯೋಟಿಕ್, ಅಂದರೆ ಒಳ್ಳೆಯ ಸೂಕ್ಷ್ಮಾಣುಗಳ ಪುಡಿ. ನೀರಿಗೆ ಹಾಕುವ ಪುಡಿ ಬೇರೆ, ತಿನ್ನಿಸುವ ಪುಡಿ ಬೇರೆ. ಕರುಳಿಗೆ ಬೇಕಿದ್ದರೆ ತಿನ್ನಿಸಲೇಬೇಕು.

ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಜಠರವೇ ಇಲ್ಲ. ತಿಂದದ್ದೆಲ್ಲ ನೇರ ಕರುಳಿಗೆ. ರೋಹು ಕೊಯ್ದಾಗ ಸುರುಳಿ ಬಿಚ್ಚಿ ನೋಡಿ, ಮೀನಿಗಿಂತ ಎಷ್ಟೋ ಪಟ್ಟು ಉದ್ದ ಇರುತ್ತದೆ. ಒಳ್ಳೆಯ ಸೂಕ್ಷ್ಮಾಣುಗಳು ಅಲ್ಲಿ ಮೊದಲೇ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಕೂತುಬಿಟ್ಟರೆ, ಏರೋಮೊನಾಸ್‌ನಂಥ ರೋಗಾಣುಗಳಿಗೆ ಜಾಗ ಸಿಗುವುದು ಕಷ್ಟ.

ಕೊಳ್ಳುವಾಗ ಪ್ಯಾಕೆಟ್ ಮೇಲೆ ಬ್ಯಾಸಿಲಸ್ ಅನ್ನುವ ಸೂಕ್ಷ್ಮಾಣುವಿನ ಹೆಸರು ಇದೆಯಾ ನೋಡಿ. ಅದು ಬೀಜಕದ ರೂಪದಲ್ಲಿ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ಹಾಗೆ ಇರುವುದರಿಂದ ನಮ್ಮ ಬಿಸಿಲಿಗೂ ಬಗ್ಗುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಇನ್ನೊಂದು ಸೂಕ್ಷ್ಮಾಣು ನಾಜೂಕು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿಟ್ಟರೆ ದುಡ್ಡು ದಂಡ.

ಪ್ಯಾಕೆಟ್ ಹೇಳಿದಷ್ಟು ಪುಡಿಯನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ. ನಲ್ಲಿ ನೀರು ಬೇಡ, ಅದರ ಕ್ಲೋರಿನ್ನೇ ಕೊಂದುಹಾಕುತ್ತದೆ. ಅದಕ್ಕೆ ಪೂರ್ತಿ ತಣ್ಣಗಾದ ಅನ್ನದ ಗಂಜಿ ಸೇರಿಸಿ, ಮೇವಿನ ಮೇಲೆ ಚಿಮುಕಿಸುತ್ತಾ ಕೈಯಾಡಿಸಿ. ಮೇವಿನ ಕಾಳು ಬೆರಳಿಗೆ ಸ್ವಲ್ಪ ಅಂಟಬೇಕು, ನೀರು ಸೋರಬಾರದು. ಗಂಜಿ ಇಲ್ಲದಿದ್ದರೆ ಪುಡಿ ಹೊಂಡದಲ್ಲೇ ತೊಳೆದುಹೋಗುತ್ತದೆ, ಮೀನಿನ ಬಾಯಿಗೆ ಬರೀ ಕಾಳು. ನೆರಳಿನಲ್ಲಿ ತಾಡಪತ್ರಿ ಹಾಸಿ ಆರಿಸಿ, ಅವತ್ತೇ ಹಾಕಿ ಮುಗಿಸಿ.

ತೌಡು, ಶೇಂಗಾ ಹಿಂಡಿ ಕಲಸಿ ಹಾಕುವವರು ಹಿಂಡಿಯನ್ನು ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಅಥವಾ ಒಳಗೆ ಹಸಿರು ಬೂಸ್ಟು ಕಂಡರೆ ಎಸೆಯಿರಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಅನ್ನುವ ವಿಷ ಮೀನಿನ ಲಿವರ್ ಕೆಡಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ. ಪ್ರೊಬಯೋಟಿಕ್ ಇದೆಯಲ್ಲ ಅಂತ ಅಂಥ ಹಿಂಡಿ ಕಲಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಆಂಟಿಬಯೋಟಿಕ್ ತಿನ್ನಿಸುವಾಗ ಪ್ರೊಬಯೋಟಿಕ್ ಕೊಡುವುದು ಸುಮ್ನೆ ಖರ್ಚು. ಆ ಕೋರ್ಸ್ ಮುಗಿದ ಮೇಲೆ ಶುರು ಮಾಡಿ. ಯಾರೋ ಹೇಳಿದರು ಅಂತ ಆಂಟಿಬಯೋಟಿಕ್ ಹಾಕಲೂಬೇಡಿ, ಮೊದಲು ಮೀನುಗಾರಿಕೆ ಇಲಾಖೆಯವರಿಗೆ ಮೀನು ತೋರಿಸಿ.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಕ್ಸಿಜನ್ ಕಮ್ಮಿಯಾಗಿದೆ. ಆಗ ಮೇವು ನಿಲ್ಲಿಸಿ, ಪಂಪು ಹಚ್ಚಿ ನೀರನ್ನು ಮೇಲಿಂದ ಬೀಳಿಸಿ.

ಸೀಗಡಿ ಬಿಟ್ಟವರಿಗೆ ಮೇವು ಕರುಳಿಗೆ ಹೋಗಿದೆಯಾ ಅಂತ ನೋಡುವುದು ಸುಲಭ. ಮರಿಯನ್ನು ಬೆಳಕಿಗೆ ಹಿಡಿದರೆ ಬೆನ್ನಿನ ಉದ್ದಕ್ಕೂ ಕಪ್ಪು ಗೆರೆ ಕಾಣುತ್ತದೆ, ಅದೇ ಕರುಳು. ಗೆರೆ ತುಂಬಿದ್ದರೆ ಸರಿ. ಮೇವು ಹಾಕಿದ ಮೇಲೂ ತುಂಡು ತುಂಡಾಗಿ ಖಾಲಿ ಕಂಡರೆ ಮರುದಿನದ ಮೇವು ಕಮ್ಮಿ ಮಾಡಿ, ನೀರು ಪರೀಕ್ಷೆ ಮಾಡಿಸಿ.