ಕಾಪು ಬೀಚಿನಲ್ಲಿ ನಿಂತು ಯುರೇನಸ್ ಹುಡುಕುವುದು ಹೇಗೆ?

1781ರ ಮಾರ್ಚ್ 13ರಂದು ಖಗೋಳ ವೀಕ್ಷಕ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಬಾತ್ ಊರಿನಲ್ಲಿ, ತಮ್ಮ ಮನೆಯ ಹಿತ್ತಲಿನಿಂದ. ಆ ಮನೆ ಈಗ ಮ್ಯೂಸಿಯಂ. ನಮಗೆ ಕಾಪು ಬೀಚ್, ಒಂದು ಬೈನಾಕ್ಯುಲರ್ ಸಾಕು.

2026ರ ಡಿಸೆಂಬರ್‌ನಲ್ಲಿ ಚಂದ್ರ ಇಲ್ಲದ ರಾತ್ರಿ ಹೋಗಿ, ಲೈಟ್‌ಹೌಸಿಗೆ ಬೆನ್ನು ಹಾಕಿ ನಿಲ್ಲಿ. ಹತ್ತು ಗಂಟೆ ಹೊತ್ತಿಗೆ ಕೃತ್ತಿಕೆಯ ಗೊಂಚಲು, ಕೆಂಪು ರೋಹಿಣಿ ಎರಡೂ ನೆತ್ತಿಯ ಹತ್ತಿರ ಇರುತ್ತವೆ. ಅವುಗಳ ನಡುವೆ, ಸ್ವಲ್ಪ ಕೃತ್ತಿಕೆಯ ಕಡೆಗೇ ಹುಡುಕಿ. ನೋಡಿದ ಕೂಡಲೇ ಗೊತ್ತಾಗುವುದಿಲ್ಲ, ಅದೂ ಒಂದು ಚುಕ್ಕಿ ಅಷ್ಟೇ. ಕಂಡದ್ದನ್ನೆಲ್ಲ ಹಾಳೆಯಲ್ಲಿ ಗುರುತು ಮಾಡಿ, ಎರಡು ವಾರ ಬಿಟ್ಟು ಮತ್ತೆ ನೋಡಿ, ಜಾಗ ಬದಲಿಸಿದ್ದೇ ಯುರೇನಸ್. ಹಾಗೆ ಸರಿಯುವುದನ್ನು ಕಂಡು ವಿಲಿಯಂ ಕೂಡ ಮೊದಲು ಧೂಮಕೇತು ಅಂದುಕೊಂಡಿದ್ದರು!

ಬರೆದುಕೊಳ್ಳಲು ಜೊತೆಗೊಬ್ಬರು ಇದ್ದರೆ ಒಳ್ಳೆಯದು. ವಿಲಿಯಂಗೆ ತಂಗಿ ಕ್ಯಾರೊಲಿನ್ ಇದ್ದರು, ಸುಮ್ನೆ ಬರೆದುಕೊಂಡು ಕೂತವರಲ್ಲ, ತಾವೇ 8 ಧೂಮಕೇತು ಹುಡುಕಿದವರು. ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡದಂತೆ ಟಾರ್ಚಿಗೆ ಮಾತ್ರ ಕೆಂಪು ಕಾಗದ ಸುತ್ತಿಕೊಳ್ಳಿ.